ಫ್ಯಾನ್ ಆಫ್ ಮಾಡಿ, ಗಾಳಿ ಬರಲಿ

ನಾನು ಮಧುಗಿರಿಯಲ್ಲಿ ಫ್ಯಾನು, ಕೂಲರು, ಫ್ರಿಜ್ಜು ರಿಪೇರಿ ಮಾಡಿಕೊಂಡಿರುವವನು. ಶಿವರಾತ್ರಿ ಕಳೆದು ಬೆಟ್ಟ ಕಾದ ಹೆಂಚಾಗುತ್ತಿದ್ದ ಹಾಗೇ ನನ್ನ ಫೋನು ಬಡಿದುಕೊಳ್ಳೋಕೆ ಶುರು. ನಮ್ಮೂರ ಬೆಟ್ಟ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಮೇಲೆ ಅದನ್ನ ನಿಧಾನಕ್ಕೆ ನಮ್ಮ ಮೇಲೇ ಬಿಡುತ್ತೆ. ಜನಕ್ಕೆ ಆಗ ಎರಡೇ ಆಸೆ: ಮನೆ ತಂಪಾಗಬೇಕು, ಮೀಟರು ಮಾತ್ರ ಓಡಬಾರದು. ಈ ಎರಡಕ್ಕೂ ಗಂಟು ಹಾಕುವ ಕೆಲಸ ನನ್ನ ತಲೆಗೆ ಬೀಳುತ್ತೆ. ಸ್ಕೂಟರಿಗೆ ಟೂಲ್ ಬ್ಯಾಗು ನೇತುಹಾಕಿಕೊಂಡು ಕೊರಟಗೆರೆ, ಶಿರಾ, ಪಾವಗಡ ಅಂತ ಸುತ್ತುತ್ತಾ ಇರುತ್ತೇನೆ. ಸುತ್ತಿದ ಕಡೆಯೆಲ್ಲ ಏನಾದರೂ ಒಂದು ಆಗೇ ಆಗುತ್ತೆ. ನಾನು ಹುಡುಕಿಕೊಂಡು ಹೋಗಲ್ಲ, ದೇವರಾಣೆ. ಅದೇ ನನ್ನ ಹುಡುಕಿಕೊಂಡು ಬರುತ್ತೆ.

ನ್ಯೂಟ್ರಲ್ ಗಾಳಿ

ಕೊರಟಗೆರೆಯಲ್ಲಿ ಒಬ್ಬ ರಿಟೈರ್ಡ್ ಬಸ್ ಡ್ರೈವರ್ ಇದ್ದಾರೆ. ಗೊರವನಹಳ್ಳಿ ರೂಟಿನಲ್ಲಿ ಎಷ್ಟೋ ವರ್ಷ ಬಸ್ ಓಡಿಸಿ, ಆ ರಸ್ತೆಯ ಒಂದೊಂದು ಗುಂಡಿಯನ್ನೂ ಹೆಸರು ಹಿಡಿದು ಕರೆಯಬಲ್ಲವರು. ಅವರು ಫೋನ್ ಮಾಡಿ, “ಫ್ಯಾನಿಗೆ ಗ್ರೀಸ್ ಹಾಕ್ಬೇಕು, ಬಾರಪ್ಪ” ಅಂದರು.

ಹೋದೆ. ಫ್ಯಾನ್ ಹಾಕಿ ನೋಡಿದೆ. ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಒಂದು ಚೂರು ಸದ್ದಿಲ್ಲ.

“ಇದಕ್ಕೇನಾಗಿದೆ ಸಾರ್? ಚೆನ್ನಾಗಿದೆಯಲ್ಲ.”

“ತಿರುಗೋದು ಚೆನ್ನಾಗೇ ತಿರುಗ್ತದೆ ಕಣಯ್ಯ. ಆಫ್ ಮಾಡಿದ್ಮೇಲೆ ಬೇಗ ನಿಂತೋಗ್ತದೆ.”

ನನಗೆ ಅರ್ಥವಾಗಲಿಲ್ಲ. ಆಫ್ ಮಾಡುವುದು ನಿಲ್ಲಲಿ ಅಂತ ತಾನೆ? ಅವರು ನನ್ನನ್ನ ಕುರ್ಚಿಯಲ್ಲಿ ಕೂರಿಸಿ ಮಾಡಿ ತೋರಿಸಿದರು. ಸ್ವಿಚ್ ಒತ್ತಿದರು. ಫ್ಯಾನು ಪೂರ್ತಿ ಸ್ಪೀಡಿಗೆ ಬಂತು. ತಟ್ಟನೆ ಆಫ್ ಮಾಡಿ ನನ್ನ ಪಕ್ಕ ಬಂದು ಕಾಲು ಚಾಚಿ ಕೂತರು. ರೆಕ್ಕೆಗಳು ತಮ್ಮ ಪಾಡಿಗೆ ತಿರುಗುತ್ತಾ ಇದ್ದವು.

“ನೋಡು, ಈಗ ಬರ್ತಿರೋದು ಪುಕ್ಕಟೆ ಗಾಳಿ. ಇಳಿಜಾರಲ್ಲಿ ಬಸ್ಸು ನ್ಯೂಟ್ರಲ್‌ಗೆ ಹಾಕ್ತಿರ್ಲಿಲ್ವಾ ನಾವು? ಡೀಸೆಲ್ ಉಳೀತಿತ್ತು. ಇದೂ ಅಂಗೇಯ.”

ಅಷ್ಟರಲ್ಲಿ ಫ್ಯಾನು ನಿಲ್ಲುತ್ತಾ ಬಂತು. ಎದ್ದು ಹೋಗಿ ಮತ್ತೆ ಸ್ವಿಚ್ ಒತ್ತಿದರು. ಸ್ಪೀಡ್ ಬಂತು, ಆಫ್ ಮಾಡಿದರು, ಬಂದು ಕೂತರು. ಮತ್ತೆ ಎದ್ದರು. ನಾನು ನೋಡುತ್ತಿದ್ದ ಹಾಗೇ ಅವರ ಬನಿಯನ್ನು ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತು. ಹಣೆಯಿಂದ ಬೆವರು ಇಳಿಯುತ್ತಿತ್ತು.

“ಸಾರ್, ಇಷ್ಟು ಸಲ ಎದ್ದು ಕೂತು ಮಾಡಿದ್ರೆ ಸೆಕೆ ಆಗಲ್ವಾ?” ಅಂದೆ.

“ಆಗದೆ ಇರ್ತದಾ?” ಅಂದರು ಬೆವರು ಒರೆಸಿಕೊಳ್ಳುತ್ತಾ. “ಅದಕ್ಕೇ ಅಲ್ವೇನಯ್ಯಾ ಫ್ಯಾನು ಬೇಕಿರೋದು!”

ಅಮ್ಮಿಯ ಠಂಡಾ

ಶಿರಾದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಒಬ್ಬ ಗೆಳೆಯ ಇದ್ದಾನೆ. ಅವನ ಮನೆಯ ಫ್ರಿಜ್ಜು ಹಗಲೆಲ್ಲ ನಿಲ್ಲದೆ ಗುರ್ ಅನ್ನುತ್ತಿತ್ತಂತೆ. ನೋಡೋಣ ಅಂತ ಹೋದರೆ ಕಾರಣ ಬಾಗಿಲಲ್ಲೇ ಕೂತಿತ್ತು. ಅವನ ತಾಯಿ, ಎಲ್ಲರೂ ಅಮ್ಮಿ ಅನ್ನುವವರು, ಫ್ರಿಜ್ಜಿನ ಬಾಗಿಲು ಹಾರು ಹೊಡೆದು, ಎದುರಿಗೆ ಮಣೆ ಹಾಕಿಕೊಂಡು, ಕಾಲನ್ನ ತರಕಾರಿ ಡಬ್ಬಿಯ ಜಾಗದಲ್ಲಿ ಇಟ್ಟು ಬೀಸಣಿಗೆ ಇಲ್ಲದೆ ಹಾಯಾಗಿ ತಸ್ಬಿ ಮಣಿ ಎಣಿಸುತ್ತಿದ್ದರು.

“ಅಮ್ಮಿ, ಫ್ಯಾನ್ ಹಾಕ್ಕೊಳ್ಳಿ” ಅಂದೆ.

“ಫ್ಯಾನ್ ಹಾಕಿದ್ರೆ ಕರೆಂಟ್ ಜಾತಾ ಹೈ ಬೇಟಾ. ಫ್ರಿಜ್ ಹೆಂಗೂ ಓಡ್ತಾನೇ ಇರ್ತದೆ. ಬಾಗಿಲು ತೆಗೆದ್ರೆ ಏನ್ ಖರ್ಚು?”

ನಾನು ಅವರನ್ನ ಎಬ್ಬಿಸಿ ಫ್ರಿಜ್ಜಿನ ಹಿಂದಕ್ಕೆ ಕರೆದುಕೊಂಡು ಹೋಗಿ ಕೈ ಇಡಿಸಿದೆ. ಅಮ್ಮಿ ಕೈ ಹಿಂದಕ್ಕೆ ಎಳೆದುಕೊಂಡರು.

“ಅರೇ! ಹಿಂದೆ ಪೂರಾ ಗರಂ!”

“ಅದೇ ಅಮ್ಮಿ. ಮುಂದೆ ಎಷ್ಟು ಠಂಡಾ ಬರ್ತದೋ, ಹಿಂದೆ ಅದಕ್ಕಿಂತ ಜಾಸ್ತಿ ಗರಂ ಬರ್ತದೆ. ಬಾಗಿಲು ತೆಗೆದಿಟ್ರೆ ಮನೆ ಇನ್ನೂ ಕಾಯ್ತದೆ, ಕರೆಂಟೂ ಹೋಗ್ತದೆ.”

ಅಮ್ಮಿ ಬಿಸಿಯಾದ ಕೈ ಊದಿಕೊಳ್ಳುತ್ತಾ, “ಸಮಝ್ ಗಯೀ” ಅಂದರು. ನಾನು ಬುದ್ಧಿ ಹೇಳಿದ ಖುಷಿಯಲ್ಲಿ ವಾಪಸು ಬಂದೆ.

ಒಂದು ವಾರ ಆಗಿತ್ತೋ ಇಲ್ಲವೋ, ಮಗನ ಫೋನು ಬಂತು. “ಭಾಯ್, ಒಂದ್ಸಲ ಬಂದೋಗು. ಬರುವಾಗ ಹಿತ್ಲು ಕಡೆಯಿಂದ ಬಾ.”

ಮುಂಬಾಗಿಲಿನಿಂದ ಹೋಗುವ ಹಾಗೇ ಇರಲಿಲ್ಲ. ಬಾಗಿಲಿನ ಚೌಕಟ್ಟಿನಲ್ಲಿ ಫ್ರಿಜ್ಜು ನಿಂತಿತ್ತು. ಬೆನ್ನು ರಸ್ತೆಗೆ, ಮುಖ ಮನೆಯೊಳಕ್ಕೆ. ಸಂದಿಗೆಲ್ಲ ಹಳೆಯ ದುಪ್ಪಟಿ ತುರುಕಿದ್ದರು. ಒಳಗೆ ಅಮ್ಮಿ ತೆರೆದ ಬಾಗಿಲ ಎದುರು ಅದೇ ಮಣೆಯ ಮೇಲೆ.

“ನೀನು ಹೇಳಿದ್ದು ಸಹಿ ಬೇಟಾ. ಈಗ ಗರಂ ರಸ್ತೆಗೆ, ಠಂಡಾ ನಮಗೆ.”

ಗೆಳೆಯ ನನ್ನ ಕಿವಿಯಲ್ಲಿ, “ಇದು ತಪ್ಪು ಅಂತ ಹೇಳು ಭಾಯ್. ಅಂಗಡಿಗೆ ಹೋಗ್ಬೇಕಾದ್ರೆ ಪಕ್ಕದ ಮನೆ ಹಿತ್ಲು ದಾಟಿ ಹೋಗ್ತಿದೀನಿ” ಅಂದ.

“ಹೆಂಗೆ ಹೇಳ್ಲಿ? ಕಂಪನಿಯೋರು ಇದನ್ನೇ ಗೋಡೆಗೆ ಸಿಕ್ಕಿಸಿ ಏಸಿ ಅಂತ ಮಾರೋದು.”

ಅಮ್ಮಿಗೆ ಅದು ಕೇಳಿಸಿಬಿಟ್ಟಿತು. ಮಗನ ಕಡೆ ತಿರುಗಿ ಕೇಳಿದರು: “ಅಂಗಾದ್ರೆ ನಮ್ದು ರಿಮೋಟ್ ಎಲ್ಲಿ?”

ಒಂದು ಫೋನ್ ಕರೆ

“ಹಲೋ, ಫ್ಯಾನ್ ರಿಪೇರಿಯೋರಾ? ಫ್ಯಾನಿಗೆ ಮೂರು ರೆಕ್ಕೆ ಅದಾವಲ್ಲ. ಒಂದು ಬಿಚ್ಚಿಟ್ರೆ ಕರೆಂಟು ಕಮ್ಮಿ ಆಯ್ತದಾ?”

“ಇಲ್ಲ ಸ್ವಾಮಿ, ಫ್ಯಾನು ಅಲ್ಲಾಡಿ ಬೀಳುತ್ತೆ.”

“ಎರಡು ಬಿಚ್ಚಿದ್ರೆ?”

ಮಧ್ಯಾಹ್ನದ ಬಿಸಿಲು, ನನಗೂ ತಲೆ ಕೆಟ್ಟಿತ್ತು. “ಫ್ಯಾನನ್ನೇ ಇಳಿಸಿ ಅಟ್ಟಕ್ಕೆ ಹಾಕಿಬಿಡಿ. ಪೂರ್ತಿ ಕರೆಂಟು ಉಳಿಯುತ್ತೆ” ಅಂದೆ.

ಆ ಕಡೆ ಮನೆಯವರ ಜೊತೆ ಗುಸುಗುಸು ಮಾತಾಡಿಕೊಂಡರು. ಆಮೇಲೆ ಗಂಭೀರವಾಗಿ ಕೇಳಿದರು: “ಇಳಿಸೋದಕ್ಕೆ ನೀವೇ ಬರ್ತೀರಾ, ನಾವೇ ಇಳಿಸ್ಕೋಬೌದಾ?”

ಉಳಿಸಪ್ಪ, ಉಳಿಸು

ಪಾವಗಡದ ಕಡೆ ಬಲಸಮುದ್ರಕ್ಕೆ ಒಂದು ಟೇಬಲ್ ಫ್ಯಾನ್ ಸರಿ ಮಾಡೋಕೆ ಹೋಗಿದ್ದೆ. ಆ ಕಡೆ ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಪ್ಲೇಟುಗಳು. ನೋಡಿದರೆ ಕೆರೆ ತುಂಬಿದೆ ಅನ್ನಿಸಬೇಕು. ಹತ್ತಿರ ಹೋದರೆ ಮುಖ ಸುಡುತ್ತೆ. ಫ್ಯಾನಿನ ಮನೆಯವರು ಎಲ್ಲೋ ಹೋಗಿದ್ದರು. ಪಕ್ಕದ ಮನೆಯ ಜಗಲಿಯಲ್ಲಿ ಕುರಿ ಸಾಕಿಕೊಂಡಿರುವ ಒಬ್ಬ ಅಜ್ಜಿ ಕೂತಿದ್ದರು. ಕರೆದು ಮಜ್ಜಿಗೆ ಕೊಟ್ಟರು.

“ಏಮಪ್ಪಾ, ಏನೀ ಎಂಡ!” ಅಂದರು. ಆ ಕಡೆ ಬಿಸಿಲಿಗೆ ಎಂಡ ಅಂತಲೇ ಅನ್ನೋದು. “ಒಂದು ಮಾತು ಕೇಳ್ತೀನಿ ಹೇಳು. ಎಂಡ ಎಲ್ಲಾ ಆ ಪ್ಲೇಟಿನೋರೇ ಎಳ್ಕೊಂತಾರಂತೆ. ಅಂಗಾದ್ರೆ ನಮ್ಕಡೆ ತಣ್ಣಗಾಗ್ಬೇಕಲ್ಲ? ಎಲ್ಲಾ ಎಳ್ಕೊಂಡ್ಮೇಲೂ ಇಷ್ಟೈತೆ ಅಂದ್ರೆ, ಎಳ್ಕೊಳ್ದೆ ಇದ್ದಿದ್ರೆ ನಮ್ಗತಿ ಏನು?”

ನಾನು ಲೋಟ ಎತ್ತಿ ಮಜ್ಜಿಗೆ ಕುಡಿದೆ.

ಅವತ್ತೇ ಊರಿಗೆ ಮೈಕ್ ಕಟ್ಟಿದ ಆಟೋ ಒಂದು ಬಂದಿತ್ತು. ‘ಬೇಸಿಗೆಯಲ್ಲಿ ವಿದ್ಯುತ್ ಉಳಿಸಿ, ಒಂದೊಂದು ಯೂನಿಟ್ಟೂ ಅಮೂಲ್ಯ’ ಅಂತ ಒಬ್ಬ ಕೂಗಿಕೊಂಡು ಬೀದಿ ಬೀದಿ ಸುತ್ತುತ್ತಿದ್ದ. ಅಜ್ಜಿಯ ಮನೆ ಮುಂದೆಯೇ ಮೂರು ನಾಲ್ಕು ಸಲ ಹೋಗಿ ಬಂದ. ಅಜ್ಜಿ ಪ್ರತಿಸಲವೂ ತಲೆ ಅಲ್ಲಾಡಿಸಿ, “ಉಳಿಸ್ತೀನಪ್ಪಾ, ಉಳಿಸ್ತೀನಿ” ಅನ್ನುತ್ತಿದ್ದರು. ಆಮೇಲೆ ಅವನ ಧ್ವನಿ ಕೀರಲಾಯಿತು. ‘ವಿದ್ಯುತ್ ಉಳಿ... ಉಳಿ...’ ಅಂತ ಎಳೆದು ನಿಂತೇಹೋಯಿತು.

ಆತ ಆಟೋ ಇಳಿದು ಬಂದ. ಕೈಯಲ್ಲಿ ವೈರು.

“ಅವ್ವಾ, ಮೈಕಿನ ಬ್ಯಾಟ್ರಿ ಇಳಿದೋಯ್ತು. ನಿಮ್ಮನೇಲಿ ಸ್ವಲ್ಪ ಹೊತ್ತು ಚಾರ್ಜಿಗೆ ಹಾಕ್ಲಾ?”

ಅಜ್ಜಿ ಕುರಿ ಕಾಯುವ ಕೋಲನ್ನ ಬಾಗಿಲಿಗೆ ಅಡ್ಡ ಇಟ್ಟರು.

“ಏಮಯ್ಯಾ, ಬೆಳಗ್ಗಿಂದ ಉಳಿಸು ಉಳಿಸು ಅಂತ ಕೂಗ್ದೋನು ನೀನೇ ತಾನೆ? ನಿನ್ಮಾತು ಕೇಳಿ ಉಳಿಸಿಕ್ಕಿವ್ನಿ. ಈಗ ಬಂದು ಅದನ್ನ ನೀನೇ ತಿಂತೀನಿ ಅಂತೀಯಾ?”

ಸುಣ್ಣದ ಸಂಡಿಗೆ

ಊರಿಗೆಲ್ಲ ಉಪಾಯ ಹೇಳುವವನ ಮನೆ ಹೆಂಗಿರುತ್ತೆ ಅಂತ ಕೇಳಬೇಡಿ. ನಮ್ಮದು ಮೋಲ್ಡ್ ಮನೆ, ಮೇಲೆ ಕಾಂಕ್ರೀಟ್ ತಾರಸಿ. ಬೇಸಿಗೆಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ತಟ್ಟೆಗಿಂತ ಮೊದಲು ನಮ್ಮ ತಲೆ ಬಿಸಿಯಾಗುತ್ತೆ. ತಾರಸಿಗೆ ಬಿಳಿ ಸುಣ್ಣ ಹೊಡೆದರೆ ಬಿಸಿಲು ಮೇಲಿಂದ ಮೇಲೇ ವಾಪಸು ಹೋಗುತ್ತೆ, ಫ್ಯಾನು ಎರಡು ಪಾಯಿಂಟ್ ಕಮ್ಮಿ ಇಟ್ಟರೂ ಸಾಕು ಅಂತ ಯಾರೋ ಹೇಳಿದ್ದರು. ಒಂದು ಭಾನುವಾರ ಲುಂಗಿ ಎತ್ತಿ ಕಟ್ಟಿ ಇಡೀ ತಾರಸಿಗೆ ನಾನೇ ಸುಣ್ಣ ಬಳಿದೆ. ಸುಳ್ಳಲ್ಲ, ಮನೆ ನಿಜವಾಗಲೂ ತಂಪಾಯಿತು. ನಾಲ್ಕು ದಿನ ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಐದನೆಯ ದಿನ ನನ್ನ ಹೆಂಡತಿ ಸಂಡಿಗೆ ಹಿಟ್ಟು ಕಾಸಿಕೊಂಡು ಮೇಲೆ ಹೋದಳು. ಹೋದವಳು ಹಂಗೇ ಕಣ್ಣು ಮುಚ್ಚಿಕೊಂಡು ಕೆಳಗೆ ಇಳಿದು ಬಂದಳು.

“ಏನ್ರೀ ಇದು! ಮೇಲೆ ಕಣ್ಣೇ ಬಿಡೋಕಾಗಲ್ಲ. ಟಾರ್ಚ್ ಬಿಟ್ಟಂಗೆ ಹೊಡೀತಿದೆ.”

ನನ್ನ ಕೂಲಿಂಗ್ ಗ್ಲಾಸ್ ಕೊಟ್ಟೆ. ಅವಳ ಜೊತೆ ಸಂಡಿಗೆ ಇಡೋಕೆ ಬಂದಿದ್ದ ಪಕ್ಕದ ಮನೆಯ ಅಕ್ಕನಿಗೆ ಜಾತ್ರೆಯಲ್ಲಿ ತಂದ ಮಕ್ಕಳ ಕನ್ನಡಕ. ಇಬ್ಬರೂ ತಲೆಗೆ ಟವೆಲ್ ಸುತ್ತಿ, ಕಪ್ಪು ಕನ್ನಡಕ ಹಾಕಿ, ಕುಕ್ಕರಗಾಲಲ್ಲಿ ಕೂತು ಹಳೆಯ ಪಂಚೆಯ ಮೇಲೆ ಸಂಡಿಗೆ ಇಡುತ್ತಿದ್ದರು. ಎದುರು ಮನೆ ಮಹಡಿಯಿಂದ ಯಾರೋ ಫೋಟೋ ತೆಗೆದು ಬೀದಿಯ ಗ್ರೂಪಿಗೆ ಹಾಕಿ, ‘ಪತ್ತೇದಾರಿ ಸಂಡಿಗೆ’ ಅಂತ ಬರೆದರು.

ಸಂಡಿಗೆ ಒಣಗಿತು. ಡಬ್ಬಿಗೆ ತುಂಬಿಸಿ ಶಿರಾದಲ್ಲಿರುವ ನನ್ನ ಅಕ್ಕನ ಮನೆಗೂ ಕಳಿಸಿದೆವು. ಆದರೆ ಒದ್ದೆ ಪಂಚೆಯ ಕೆಳಗಿಂದ ಸುಣ್ಣ ಮೇಲಕ್ಕೆ ಬಂದಿರುತ್ತೆ ಅನ್ನುವುದು ನಮಗೆ ಹೊಳೆಯಲೇ ಇಲ್ಲ. ಪಂಚೆ ಬಿಳಿ, ಸಂಡಿಗೆ ಬಿಳಿ, ಸುಣ್ಣ ಬಿಳಿ. ಯಾರ ಕಣ್ಣಿಗೆ ಕಾಣಬೇಕು?

ಮಾರನೆಯ ದಿನ ಭಾವ ಫೋನ್ ಮಾಡಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಭಾರೀ ಮರ್ಯಾದೆ ಇತ್ತು.

“ಸಂಡಿಗೆ ಬಂದು ತಲುಪ್ತು ಕಣಪ್ಪ. ಸುಣ್ಣ ಹಚ್ಚೇ ಕಳ್ಸಿದೀರಾ, ಸಂತೋಷ. ಎಲೆ ಅಡಿಕೆ ನಾವೇ ತಂದ್ಕೊಂಡ್ವಿ.”

ಡಬ್ಬಿ ಪೂರ್ತಿ ತಿಪ್ಪೆಗೆ ಹೋಯಿತು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮನೆ ಒಳಗೆ ತಂಪು ಇನ್ನೂ ಜಾಸ್ತಿಯಾಯಿತು.

ಒಂದೇ ಫ್ಯಾನಿನ ಮನೆ

ಇದು ನೆನೆಸಿಕೊಂಡಾಗೆಲ್ಲ ಸ್ಕೂಟರ್ ನಿಲ್ಲಿಸಿ ನಗುತ್ತೇನೆ.

ಪಟ್ಟನಾಯಕನಹಳ್ಳಿಯ ಕಡೆಯ ಒಬ್ಬ ಹುಡುಗ, ಆಗತಾನೆ ಮದುವೆಯಾದವನು, ಒಂದು ದಿನ ನನ್ನ ಅಂಗಡಿಗೆ ಬಂದ. ಬಂದವನು ಏನೂ ಹೇಳದೆ ಹಳೆಯ ಮೋಟರುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದ. ಗಿರಾಕಿಗಳು ಹೋಗಲಿ ಅಂತ ಕಾದು, ಕೊನೆಗೆ ಹತ್ತಿರ ಬಂದು ಮೆಲ್ಲಗೆ ಹೇಳಿದ:

“ಅಣ್ಣಾ, ನಮ್ಮನೆ ಹಾಲ್ ಫ್ಯಾನು ಕೆಟ್ಟೈತೆ ಅಂತ ಹೇಳ್ಬೇಕು.”

“ಕೆಟ್ಟಿದ್ಯಾ?”

“ಇಲ್ಲ. ಕೆಡ್ಬೇಕು.”

ಕೂರಿಸಿ ಟೀ ತರಿಸಿದ ಮೇಲೆ ಸಂಕೋಚ ಬಿಟ್ಟು ಹೇಳಿದ. ಅವರದು ದೊಡ್ಡ ಮನೆ, ತುಂಬಾ ಜನ. ಯಜಮಾನರು ಅವನ ತಾತ. ಬೇಸಿಗೆ ಬಂದರೆ ತಾತನ ಕಟ್ಟಪ್ಪಣೆ: ಕತ್ತಲಾದ ಮೇಲೆ ಮನೆಗೆಲ್ಲ ಒಂದೇ ಫ್ಯಾನು. ಹಾಲ್‌ನಲ್ಲಿ ಎಲ್ಲರಿಗೂ ಸಾಲಾಗಿ ಚಾಪೆ. ರೂಮುಗಳ ಸ್ವಿಚ್ಚಿಗೆ ತಾತ ಟೇಪು ಸುತ್ತಿಬಿಡುತ್ತಾರೆ. ಮದುವೆಯಾಗಿ ಬಂದ ಹೆಂಡತಿಗೆ ಅತ್ತೆ ಮತ್ತೆ ಅಜ್ಜಿ ನಡುವೆ ಜಾಗ. ಇವನಿಗೆ ಚಿಕ್ಕಪ್ಪ ಮತ್ತೆ ತಾತನ ನಡುವೆ.

“ತಾತ ಗೊರಕೆ ಹೊಡೀತಾರೆ ಅಣ್ಣಾ. ಅದೂ ಹೋಗ್ಲಿ. ಇವಳ್ನ ಒಂದು ಮಾತಾಡಿಸ್ಬೇಕು ಅಂದ್ರೂ ಚಿಕ್ಕಪ್ಪನ್ನ ದಾಟಿ ಕೂಗ್ಬೇಕು.”

ನನಗೆ ಪಾಪ ಅನ್ನಿಸಿತು. ನಾನೂ ಮದುವೆಯಾದವನೇ ಅಲ್ಲವೇ. ಮಾರನೆಯ ದಿನವೇ ಟೂಲ್ ಬ್ಯಾಗು ಹಾಕಿಕೊಂಡು ಹೊರಟೆ.

ತಾತ ಹಾಲ್‌ನಲ್ಲೇ ಕೂತಿದ್ದರು. ಹಣೆಗೆ ವಿಭೂತಿ, ಕೈಯಲ್ಲಿ ಪೇಪರ್ ಮಡಿಸಿ ಮಾಡಿದ ಬೀಸಣಿಗೆ. ಫ್ಯಾನಿನ ಕೆಳಗೆ ಕೂತು ಫ್ಯಾನು ಹಾಕದೆ ಬೀಸಿಕೊಳ್ಳುತ್ತಿದ್ದರು. ನಾನು ಏಣಿ ಹತ್ತಿ, ಫ್ಯಾನಿನ ಹೊಟ್ಟೆಗೆ ಕಿವಿ ಇಟ್ಟು, ಡಾಕ್ಟರ ಹಾಗೆ ಮುಖ ಸಪ್ಪೆ ಮಾಡಿದೆ.

“ಏನಪ್ಪಾ?” ಅಂದರು ತಾತ.

“ಒಳಗೆ ಕಾಯಿಲು ಸುಟ್ಟೋಗೋ ಹಂಗಿದೆ ಯಜಮಾನ್ರೇ. ಇಷ್ಟು ಜನಕ್ಕೆ ಒಂದೇ ಫ್ಯಾನು ಅಂದ್ರೆ ತಡ್ಕೊಳಲ್ಲ. ಬೇಸಿಗೆ ಕಳಿಯೋತನಕ ರೆಸ್ಟು ಕೊಡ್ಬೇಕು. ಅವರವರು ಅವರವರ ರೂಮಲ್ಲಿ ಮಲಗಿದ್ರೆ ಒಳ್ಳೇದು.”

ಅಡುಗೆಮನೆಯ ಬಾಗಿಲ ಹಿಂದೆ ಬಳೆ ಸದ್ದಾಯಿತು. ಹುಡುಗ ಗೋಡೆ ಕಡೆ ತಿರುಗಿ ನಿಂತ. ಅವನ ಭುಜ ನಗುತ್ತಿತ್ತು.

ತಾತ ಪೇಪರ್ ಬೀಸಣಿಗೆ ಮಡಿಸಿಟ್ಟರು. “ಸರಿ. ಬಂದಿದೀಯಲ್ಲ, ರೂಮಿನ ಫ್ಯಾನುಗಳ್ನೂ ಒಂದ್ಸಲ ನೋಡ್ಬುಡು.”

ಒಂದೊಂದೇ ನೋಡುತ್ತಾ ಬಂದೆ. ಕೊನೆಗೆ ಹುಡುಗನ ರೂಮು. ಅಲ್ಲಿ ಹುಡುಗಿಯ ತವರಿನವರು ಮದುವೆಗೆ ಕೊಟ್ಟ ಹೊಸ ನಮೂನೆಯ ಫ್ಯಾನಿತ್ತು, ರಿಮೋಟಿನದು. ಒಳ್ಳೆಯ ಮಾಲು ಕಂಡರೆ ನನ್ನ ಬಾಯಿ ನಿಲ್ಲಲ್ಲ, ಅದೊಂದು ಕೆಟ್ಟ ಚಾಳಿ.

“ಆಹಾ! ಫ್ಯಾನ್ ಅಂದ್ರೆ ಇದು ನೋಡಿ ಯಜಮಾನ್ರೇ. ಹಳೇ ಫ್ಯಾನಿನ ಅರ್ಧ ಕರೆಂಟೂ ತಿನ್ನಲ್ಲ. ರೂಮು ಚಿಕ್ಕದು, ಗಾಳಿ ಎಲ್ಲೂ ಚದುರಲ್ಲ...”

ಹುಡುಗ ತಾತನ ಬೆನ್ನ ಹಿಂದೆ ನಿಂತು ಎರಡೂ ಕೈ ಆಡಿಸುತ್ತಿದ್ದ. ಸೊಳ್ಳೆ ಓಡಿಸುತ್ತಿದ್ದಾನೆ ಅಂದುಕೊಂಡೆ.

“ಅರ್ಧನೂ ತಿನ್ನಲ್ವಾ?” ಅಂದರು ತಾತ. ಅವರ ಮುಖದಲ್ಲಿ ದೀಪ ಹಚ್ಚಿದ ಹಾಗಾಯಿತು. ಹಾಲ್ ಕಡೆ ತಿರುಗಿ ಕೂಗಿದರು: “ಲೇ, ಎಲ್ರೂ ಚಾಪೆ ತಗಂಡು ಈ ರೂಮಿಗೆ ಬನ್ರೋ!”

ವಾರದ ಮೇಲೆ ಹುಡುಗ ಸಿಕ್ಕಿದ. ನನ್ನ ನೋಡಿ ಬೈಯಲೂ ಇಲ್ಲ. “ಮೊದ್ಲು ಹಾಲಾದ್ರೂ ದೊಡ್ದಾಗಿತ್ತು ಅಣ್ಣಾ. ಈಗ ಚಿಕ್ಕಪ್ಪ ಮಗ್ಗಲು ಬದಲಾಯಿಸ್ಬೇಕಂದ್ರೆ ಎಲ್ರೂ ಬದಲಾಯಿಸ್ಬೇಕು” ಅಂದ.

ಇಷ್ಟಾದ ಮೇಲೆ ಹುಡುಗಿಯೇ ಕೆಲಸ ಕೈಗೆ ತೆಗೆದುಕೊಂಡಳಂತೆ. ಒಂದು ಸಂಜೆ ತಾತನಿಗೆ ಕಾಫಿ ಕೊಡುತ್ತಾ ಹೇಳಿದಳು: “ತಾತ, ಆ ಒಂದು ಫ್ಯಾನು ತಾನೇ ಯಾಕೆ? ನಾವಿಬ್ರು ತಾರಸಿ ಮೇಲೆ ಮಲಗ್ತೀವಿ. ಅಲ್ಲಿ ಗಾಳಿಗೆ ಕರೆಂಟೇ ಬೇಡ.”

ತಾತನ ಕಣ್ಣಲ್ಲಿ ನೀರು ಬಂತಂತೆ. “ನೋಡ್ರೋ! ಸೊಸೆ ಅಂದ್ರೆ ಹಿಂಗಿರ್ಬೇಕು. ಇಷ್ಟು ವರ್ಷ ಇದ್ದೀರಲ್ಲ, ನಿಮಗ್ಯಾರಿಗಾದ್ರೂ ಹೊಳೀತಾ?” ಅಂದವರು ತಾವೇ ಮೊದಲು ಚಾಪೆ ಸುತ್ತಿಕೊಂಡು ಮೆಟ್ಟಿಲು ಹತ್ತಿದರು. ಹಿಂದೆ ಅಜ್ಜಿ, ಅತ್ತೆ, ಮಾವ, ಚಿಕ್ಕಪ್ಪ, ಚಿಕ್ಕಮ್ಮ. ಇಡೀ ಮನೆ ತಾರಸಿ ಮೇಲೆ. ಕೆಳಗೆ ಒಂದು ಫ್ಯಾನೂ ಓಡಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು, ನಡುವೆ ಚಿಕ್ಕಪ್ಪನ ತಲೆದಿಂಬು.

ಸುಮಾರು ದಿನ ಹೀಗೇ ನಡೆಯಿತು. ಒಂದು ದಿನ ಎಲ್ಲರೂ ಚಾಪೆ ಹಾಸಿ ಇನ್ನೂ ಅಡ್ಡಾಗಿದ್ದರು ಅಷ್ಟೆ, ಪಡುವಲ ಕಡೆಯಿಂದ ಗಾಳಿ ಎದ್ದು ದಪ್ಪ ದಪ್ಪ ಹನಿ ಬಿತ್ತು. ವರ್ಷದ ಮೊದಲ ಮಳೆ. ತಾತ ಚಾಪೆ ತಲೆ ಮೇಲೆ ಹಾಕಿಕೊಂಡು ಕೆಳಗೆ ಓಡಿದರು. ಅಜ್ಜಿಯನ್ನ ಚಿಕ್ಕಪ್ಪ ಎತ್ತಿಕೊಂಡು ಇಳಿಸಿದ. ಕೆಳಗೆ ಬಂದು ತಲೆ ಒರೆಸಿಕೊಂಡು ಲೆಕ್ಕ ಹಾಕಿದರೆ ಇಬ್ಬರು ಕಮ್ಮಿ.

ಮಳೆ ನಿಂತ ಮೇಲೆ ಇಬ್ಬರೂ ಇಳಿದು ಬಂದರು. ಪೂರ್ತಿ ತೊಯ್ದಿದ್ದರು. ನೀರಿನ ಟ್ಯಾಂಕಿನ ಕೆಳಗೆ ನಿಂತಿದ್ದೆವು ಅಂದರಂತೆ. ಹುಡುಗ ನೆಲ ನೋಡುತ್ತಿದ್ದ.

ತಾತ ಗದರಿದರು: “ಅಲ್ಲ ಕಣಮ್ಮ, ಅಂಥಾ ಮಳೇಲಿ ನೆಂದು ಶೀತ ಆದ್ರೆ? ನಮ್ಜೊತೇಲೇ ಕೆಳಗೆ ಬರೋದಲ್ವಾ?”

ಹುಡುಗಿ ಸೆರಗಿನ ನೀರು ಹಿಂಡುತ್ತಾ, ತಲೆ ಎತ್ತದೆ ಹೇಳಿದಳಂತೆ:

“ಬಂದಿದ್ರೆ ಫ್ಯಾನ್ ಹಾಕ್ಬೇಕಾಗಿತ್ತಲ್ಲ ತಾತ. ಸುಮ್ನೆ ಕರೆಂಟು ದಂಡ.”